ಹಂಡೆ ನೀರು ಮತ್ತು ಪಿಎಚ್‌ಡಿ

ಮೊನ್ನೆ ನಮ್ಮ ಟೀಮಿನ ಹುಡುಗನೊಬ್ಬ ಕೆಲಸ ಬಿಟ್ಟು ನ್ಯೂರೋಸೈನ್ಸ್ ಪಿಎಚ್‌ಡಿಗೆ ಹೋಗ್ತೀನಿ ಅಂದ. ಕ್ಯಾಂಟೀನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: ಐದಾರು ವರ್ಷ ಲ್ಯಾಬಲ್ಲಿ ಕೂತು ಏನು ಸಿಗುತ್ತೋ? ನನಗೆ ಮಾತ್ರ ನಮ್ಮನೆ ಬಚ್ಚಲು ನೆನಪಾಯ್ತು.

ನಮ್ಮೂರು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ. ನಾಗರಹೊಳೆ ಸಫಾರಿಗೆ ಹೋದವರಿಗೆ ಗೊತ್ತಿರುತ್ತೆ. ಶನಿವಾರ ಅಂದ್ರೆ ನಮ್ಮಲ್ಲಿ ತಲೆಸ್ನಾನ. ಹಂಡೆ ಒಲೆಗೆ ಸೌದೆ ತುರುಕಿ ನೀರು ಕಾಯಿಸಿ, ಅಜ್ಜಿ ಒಬ್ಬೊಬ್ಬರನ್ನೇ ಕೂರಿಸಿ ಚೊಂಬಿನ ಮೇಲೆ ಚೊಂಬು ಸುರಿಯೋರು. ನಾನು ಐದನೇ ಕ್ಲಾಸಲ್ಲಿದ್ದಾಗ ಒಂದು ಶನಿವಾರ ಅಜ್ಜಿಗೆ ಕೈನೋವು. ಅಕ್ಕನ ತಲೆಗೆ ನೀರು ಹಾಕಿದ್ದು ನಾನು. "ಇನ್ನೂ ಹಾಕು, ಇನ್ನೂ ಹಾಕು" ಅಂತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಕಣ್ಣು ಒಂದೇ ಕಡೆ ನಿಂತಿತ್ತು. ಆಮೇಲೆ ಕೈಕಾಲು ಸೆಟೆದುಕೊಂಡು ಗೋಡೆಗೆ ಒರಗಿದಳು.

ಊರಲ್ಲಿ ಗಾಳಿ ಸೋಕಿದೆ ಅಂದ್ರು. ತಾಯತ ಕಟ್ಟಿಸಿದ್ರು. ಮೂರು ಸಲ ಹಾಗಾದ ಮೇಲೆ ಅಕ್ಕನ ಸ್ಕೂಲು ಬಿಡಿಸಿದ್ರು. ಪಿಡ್ಸು ಬರೋ ಹುಡುಗಿ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ಮದುವೆ ಆಗಲ್ಲ ಅನ್ನೋದು ಮನೆಯವರ ಭಯ. ಆಗ ಅವಳು ಎಂಟನೇ ಕ್ಲಾಸು.

ಆ ಕಾಯಿಲೆಗೆ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ. ಹಾಟ್ ವಾಟರ್ ಎಪಿಲೆಪ್ಸಿ. ಜಗತ್ತಿನಲ್ಲಿ ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಅತಿ ಹೆಚ್ಚು ರೋಗಿಗಳು ಕಾಣಿಸಿಕೊಂಡಿದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಹಳೇ ಮೈಸೂರು ಸೀಮೆಯಲ್ಲಿ.

ಇದನ್ನು ಇಲ್ಲಿ ಮೊದಲು ಹಿಡಿದು ಓದಿದವರು ಬೆಂಗಳೂರಿನ ವೈದ್ಯರು. 1954ರಲ್ಲಿ ಹಳೇ ಮಾನಸಿಕ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಬರೀ ರೋಗಿಗಳನ್ನು ನೋಡಿದರೆ ಸಾಲದು, ಓದಿಸಲೂಬೇಕು ಅನ್ನೋದು ಆ ಸಂಸ್ಥೆಯ ಉದ್ದೇಶ. 1955ರಲ್ಲೇ ಡಿಪ್ಲೊಮಾ ತರಗತಿಗಳು ಶುರುವಾದವು. 1968ರಲ್ಲಿ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಜೊತೆಗಾರರು ಬಿಸಿನೀರಿನ ಮೂರ್ಛೆ ಬಗ್ಗೆ ಬರೆದರು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಮುಂದೆ ಅದರ ನಿರ್ದೇಶಕರೂ ಆದ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಬಿಸಿ ಬಿಸಿ ನೀರನ್ನು ತಲೆ ಮೇಲೆ ಬಿಡದೆ ಸುರಿಯೋದೇ ಇದನ್ನು ಕೆರಳಿಸೋದು ಅಂತ ಅದರಲ್ಲಿತ್ತು. ಕೆಲವರಿಗೆ ಆ ಹೊತ್ತಲ್ಲಿ ಹಿತವಾಗಿ, ಇನ್ನೂ ಸುರಿದುಕೊಳ್ಳಬೇಕು ಅನ್ನಿಸುತ್ತಂತೆ. ಅದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಲ್ಲಿಂದ ಲ್ಯಾಬಿನ ಕೆಲಸ. ಇಲಿಗಳ ಮೇಲೆ ಬಿಸಿನೀರು ಸುರಿದು, ಮಿದುಳಿನಲ್ಲಿ ಏನಾಗುತ್ತೆ ಅಂತ ನಿಮ್ಹಾನ್ಸ್‌ನವರು 1990ರ ದಶಕದಲ್ಲಿ ನೋಡಿದರು. ಕೆಲವು ಮನೆತನಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಬರುತ್ತೆ ಅಂತ ಗೊತ್ತಿತ್ತಲ್ಲ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಅನುರಂಜನ್ ಆನಂದ್ ಅವರ ಲ್ಯಾಬು ಅದರ ಜಾಡು ಹಿಡಿಯಿತು. 2009ರಲ್ಲಿ 10ನೇ ಮತ್ತು 4ನೇ ಕ್ರೋಮೋಸೋಮುಗಳಲ್ಲಿ ಎರಡು ಜಾಗಗಳನ್ನು ಗುರುತಿಸಿದ ಪ್ರಬಂಧಗಳು ಬಂದವು. 2017ರಲ್ಲಿ ಎಸ್‌ಎಲ್‌ಸಿ1ಎ1 ಅನ್ನೋ ಜೀನಿನಲ್ಲಿ ಅಪರೂಪದ ಬದಲಾವಣೆಗಳು ಕೆಲವು ರೋಗಿಗಳಲ್ಲಿ ಸಿಕ್ಕವು. ನರಕೋಶಗಳನ್ನು ಕೆರಳಿಸೋ ಗ್ಲುಟಮೇಟನ್ನು ಒಳಗೆಳೆದುಕೊಳ್ಳೋ ಪ್ರೋಟೀನು ಈ ಜೀನಿನದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೆಮೊರಿ ಕ್ಲೀನಪ್ ಮಾಡೋ ಫಂಕ್ಷನ್ನು.

ಅಕ್ಕನಿಗೆ ತಾಯತ ಕಟ್ಟಿಸಿದಾಗ ಆ 279 ಜನರ ಪ್ರಬಂಧ ಬಂದು ಹತ್ತು ವರ್ಷ ದಾಟಿತ್ತು. ನಮ್ಮೂರಿಂದ ನಿಮ್ಹಾನ್ಸ್‌ಗೆ ಸುಮಾರು 200 ಕಿಲೋಮೀಟರು. ಉತ್ತರ ಅಷ್ಟು ದೂರದಲ್ಲಿತ್ತು, ನಮ್ಮ ಬಚ್ಚಲಿಗೆ ಬಂದಿರಲಿಲ್ಲ ಅಷ್ಟೆ. ಕೊನೆಗೆ ವೈದ್ಯರು ಹೇಳಿದ್ದೂ ದೊಡ್ಡದೇನಲ್ಲ: ನೀರು ಉಗುರುಬೆಚ್ಚಗಿರಲಿ, ತಲೆಗೆ ಒಂದೇ ಸಮ ಸುರಿಯಬೇಡಿ, ಸ್ನಾನಕ್ಕೆ ಮೊದಲು ಬರೆದುಕೊಟ್ಟ ಮಾತ್ರೆ ತಗೊಳ್ಳಿ. ಅಕ್ಕ ಈಗ ಆರಾಮಾಗಿದ್ದಾಳೆ. ಎಂಟನೇ ಕ್ಲಾಸು ಮಾತ್ರ ಎಂಟನೇ ಕ್ಲಾಸಿಗೇ ನಿಂತಿದೆ.

ಹೋದ ಸಲ ಊರಿಗೆ ಹೋದಾಗ ಅವಳು ಮಗಳ ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡ್ತಾ ಕೇಳಿದಳು: "ಇವಳಿಗೂ ಬರುತ್ತೇನೇ?" ಬರಲೇಬೇಕು ಅಂತಿಲ್ಲ, ಬಂದ್ರೂ ಭಯಪಡೋದೇನಿಲ್ಲ, ಸ್ಕೂಲಂತೂ ಬಿಡಿಸಬೇಡ ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳೋಕೆ ಇನ್ನೂ ಯಾರೋ ಐದಾರು ವರ್ಷ ಲ್ಯಾಬಲ್ಲಿ ಕೂರಬೇಕು.

ನಮ್ಮ ಟೀಮಿನ ಹುಡುಗನಿಗೆ ಇಷ್ಟನ್ನೂ ಹೇಳಿ, ಹೋಗಿ ಬಾರಪ್ಪ ಅಂದೆ.