ಕಾಮಣಿಯಿಂದ ಟ್ಯೂಮರ್ ಮಾರ್ಕರ್‌ವರೆಗೆ: ರಕ್ತ ಪರೀಕ್ಷೆಯ ಇತಿಹಾಸ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಿರಿಯರಿಗೆ ಲಿವರಿನ ಕಾಯಿಲೆ ಎಂದರೆ ಕಾಮಣಿ. ಅದನ್ನೇ ನಮ್ಮ ಮನೆಗಳಲ್ಲಿ ಪೀಲಿಯಾ ಎನ್ನುತ್ತಾರೆ, ಯುನಾನಿ ಹಕೀಮರು ಯರ್ಕಾನ್ ಎನ್ನುತ್ತಾರೆ. ಕಣ್ಣು ಹಳದಿಯಾದರೆ ರೋಗ ಗೊತ್ತಾಯಿತು. ಮುಂದೆ ಬೇರಿನ ಔಷಧ, ಪಥ್ಯ, ಕೆಲವೆಡೆ ಕೈಗೆ ಚುಟಗಿ. ಇಂದು ಕಾಲ ಬದಲಾಗಿದೆ. ಪೇಟೆಯ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಎಸ್‌ಜಿಒಟಿ, ಎಸ್‌ಜಿಪಿಟಿ, ಬಿಲಿರುಬಿನ್ ವರದಿ ಬರುತ್ತದೆ; ಜೊತೆಗೆ 'ಕ್ಯಾನ್ಸರ್ ಟೆಸ್ಟ್' ಎಂದು ಎಎಫ್‌ಪಿ, ಸಿಇಎ, ಸಿಎ-125 ಮುಂತಾದವನ್ನೂ ಪ್ಯಾಕೇಜಿನಲ್ಲಿ ಸೇರಿಸಿ ಮಾರಲಾಗುತ್ತದೆ. ಈ ಪರೀಕ್ಷೆಗಳು ಯಾವ ಕೆಲಸಕ್ಕಾಗಿ ಹುಟ್ಟಿದವು ಎಂಬುದನ್ನು ತಿಳಿಯದೆ ಹಣ ಕೊಡುವುದು ನಷ್ಟ, ವರದಿ ನೋಡಿ ಹೆದರುವುದು ಇನ್ನೂ ದೊಡ್ಡ ನಷ್ಟ.

ದೇಹದಿಂದ ಹೊರಬರುವ ದ್ರವವನ್ನು ನೋಡಿ ಒಳಗಿನ ರೋಗ ತಿಳಿಯುವ ವಿದ್ಯೆ ಹಳೆಯದು. ಇಬ್ನ್ ಸೀನಾ (980-1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಮೂತ್ರದ ಬಣ್ಣ, ಗಸಿ, ವಾಸನೆಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ವಿಶೇಷವೆಂದರೆ ಆಧುನಿಕ ವೈದ್ಯಶಾಸ್ತ್ರದ ಮೊದಲ ಟ್ಯೂಮರ್ ಮಾರ್ಕರ್ ಕೂಡ ಸಿಕ್ಕಿದ್ದು ಮೂತ್ರದಲ್ಲೇ. 1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್, ಮೂಳೆ ಮೆತ್ತಗಾಗಿದ್ದ ಒಬ್ಬ ರೋಗಿಯ ಮೂತ್ರದಲ್ಲಿ ಕಾಯಿಸಿದರೆ ಹೆಪ್ಪುಗಟ್ಟಿ, ಕುದಿಸಿದರೆ ಕರಗುವ ವಿಚಿತ್ರ ಪ್ರೋಟೀನನ್ನು ಪರೀಕ್ಷಿಸಿದರು. ಅದು ಮೈಲೋಮಾ ಎಂಬ ಕ್ಯಾನ್ಸರಿನ ಗುರುತು ಎಂಬುದು ಆಮೇಲೆ ಸ್ಪಷ್ಟವಾಯಿತು.

ಎಸ್‌ಜಿಒಟಿಯ ಕಥೆ ಇನ್ನೂ ಸ್ವಾರಸ್ಯಕರ. 1954-55ರಲ್ಲಿ ನ್ಯೂಯಾರ್ಕಿನ ವೈದ್ಯರು ಹೃದಯಾಘಾತವಾದವರ ರಕ್ತದಲ್ಲಿ ಈ ಕಿಣ್ವ ಏರುವುದನ್ನು ಗಮನಿಸಿದರು. ಲಿವರಿನ ಕೋಶಗಳು ಹಾಳಾದಾಗಲೂ ಅದು ಏರುತ್ತದೆಂದು ತಿಳಿದ ಮೇಲೆ ಅದು ಲಿವರಿನ ಪರೀಕ್ಷೆಯಾಯಿತು. ಹೃದಯಕ್ಕೆ ಬೇರೆ ಉತ್ತಮ ಪರೀಕ್ಷೆಗಳು ಬಂದವು, ಲಿವರಿಗೆ ಇದು ಉಳಿಯಿತು.

1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಭ್ರೂಣದಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನು ಲಿವರ್ ಕ್ಯಾನ್ಸರ್ ಇರುವ ಇಲಿಗಳ ರಕ್ತದಲ್ಲಿ ಮತ್ತೆ ಕಾಣಿಸುವುದನ್ನು ಕಂಡರು. ಮರುವರ್ಷವೇ ಯೂರಿ ತತಾರಿನೊವ್ ಅದನ್ನು ಮನುಷ್ಯರಲ್ಲಿಯೂ ಕಂಡುಹಿಡಿದರು. ಅದೇ ಇಂದಿನ ಎಎಫ್‌ಪಿ. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಕ್ಯಾನ್ಸರಿನಲ್ಲಿ ಸಿಇಎ ಕಂಡರು. ಒಂದು ಹನಿ ರಕ್ತದಿಂದ ಕ್ಯಾನ್ಸರ್ ಪತ್ತೆಯಾಗುವ ದಿನ ಬಂತೆಂದು ಜಗತ್ತು ಸಂಭ್ರಮಿಸಿತು.

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿಯೂ ಸಿಇಎ ಏರುತ್ತದೆ. ಗರ್ಭಿಣಿಯರಲ್ಲಿ ಎಎಫ್‌ಪಿ ಸಹಜವಾಗಿಯೇ ಹೆಚ್ಚು. 1981ರಲ್ಲಿ ಬಂದ ಸಿಎ-125 ಮುಟ್ಟಿನ ದಿನಗಳಲ್ಲಿ, ಹೊಟ್ಟೆಯ ಕ್ಷಯದಲ್ಲಿ ಕೂಡ ಏರಬಹುದು. ಕ್ಷಯ ಇನ್ನೂ ಹೋಗದ ನಮ್ಮಂಥ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಅಮೆರಿಕದಲ್ಲಿ 78,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಎ-125 ಮತ್ತು ಸ್ಕ್ಯಾನಿಂಗ್‌ನಿಂದ ಅಂಡಾಶಯ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಬದಲಾಗಿ, ಕ್ಯಾನ್ಸರ್ ಇಲ್ಲದಿದ್ದರೂ ಸುಳ್ಳು ವರದಿಯಿಂದಾಗಿ ಸಾವಿರಕ್ಕೂ ಹೆಚ್ಚು ಮಹಿಳೆಯರು ಶಸ್ತ್ರಚಿಕಿತ್ಸೆಗೆ ಒಳಗಾದರು. ರೋಗ ಇರುವುದು ಖಚಿತವಾದವರಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರಳಿತೇ ಎಂದು ನೋಡಲು ಮಾರ್ಕರ್ ಒಳ್ಳೆಯ ಸಾಧನ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಹೊರಟರೆ ಅದು ದಾರಿ ತಪ್ಪಿಸುತ್ತದೆ.

ಹಾಗಾದರೆ ಲಿವರ್ ಕ್ಯಾನ್ಸರಿನ ವಿಷಯದಲ್ಲಿ ನಮ್ಮ ಜನರಿಗೆ ಉಪಯೋಗವಾಗುವ ರಕ್ತ ಪರೀಕ್ಷೆ ಯಾವುದು? ಅದು ಈ ಪ್ಯಾಕೇಜುಗಳಿಗಿಂತ ಬಹಳ ಅಗ್ಗದ್ದು. 1965ರಲ್ಲಿ ಅಮೆರಿಕದ ಬರೂಚ್ ಬ್ಲಂಬರ್ಗ್, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸ ವಸ್ತುವೊಂದನ್ನು ಕಂಡು 'ಆಸ್ಟ್ರೇಲಿಯಾ ಆಂಟಿಜೆನ್' ಎಂದು ಕರೆದರು. ಅವರು ಹುಡುಕುತ್ತಿದ್ದುದು ಬೇರೆಯದೇ ವಿಷಯ. ಸಿಕ್ಕಿದ್ದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚ. ಇಂದು ಎಚ್‌ಬಿಎಸ್‌ಎಜಿ ಎಂದು ಕರೆಯುವ ಪರೀಕ್ಷೆ ಅದರಿಂದಲೇ ಬಂತು. 1976ರಲ್ಲಿ ಬ್ಲಂಬರ್ಗ್ ಅವರಿಗೆ ನೊಬೆಲ್ ಸಂದಿತು. ಈ ವೈರಾಣು ದೀರ್ಘಕಾಲ ಲಿವರಿನಲ್ಲಿ ನೆಲೆಸಿದರೆ ಸಿರೋಸಿಸ್, ಕ್ಯಾನ್ಸರ್ ಬರಬಹುದು. ಕಲುಷಿತ ನೀರಿನಿಂದ ಬರುವ ಎ, ಇ ಬಗೆಯ ಕಾಮಣಿಯಿಂದ ಕ್ಯಾನ್ಸರ್ ಬರುವುದಿಲ್ಲ. ಕಣ್ಣು ಹಳದಿಯಾದವರೆಲ್ಲರಿಗೂ ಒಂದೇ ಬೇರು, ಒಂದೇ ಪಥ್ಯ ಎಂಬ ಹಳೆಯ ಕ್ರಮಕ್ಕೆ ಈ ವ್ಯತ್ಯಾಸ ತಿಳಿದಿರಲಿಲ್ಲ.

'ನಾವು ಮದ್ಯ ಮುಟ್ಟುವವರಲ್ಲ, ನಮ್ಮ ಜಿಗರಿಗೆ ಏನಾಗುತ್ತದೆ?' ಎಂಬ ಮಾತು ನಮ್ಮ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಮದ್ಯ ಮುಟ್ಟದಿರುವುದು ದೊಡ್ಡ ರಕ್ಷಣೆ ನಿಜ. ಆದರೆ ಹೆಪಟೈಟಿಸ್ ಬಿ ತಾಯಿಯಿಂದ ಮಗುವಿಗೆ, ಶುದ್ಧವಿಲ್ಲದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ, ಕ್ಷೌರದ ಒಂದೇ ಬ್ಲೇಡಿನಿಂದ ಹರಡುತ್ತದೆ. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90 ಮಂದಿಯಲ್ಲಿ ಅದು ಕಾಯಂ ಆಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೆ ಲಿವರಿನಲ್ಲಿ ಕೊಬ್ಬು ಕಟ್ಟುವುದು ಬೇರೆ ಮಾತು. ಗೋಕಾಕದ ಕರದಂಟು ಎಷ್ಟೇ ರುಚಿಯಾದರೂ ಅದಕ್ಕೂ ಮಿತಿ ಇರಬೇಕು.

ಗಲ್ಫ್ ದೇಶಗಳಿಗೆ ದುಡಿಯಲು ಹೊರಡುವ ಯುವಕರಿಗೆ ಈ ಪರೀಕ್ಷೆ ಕಡ್ಡಾಯ. ಏನೂ ತೊಂದರೆ ಕಾಣದ ಹುಡುಗನಿಗೆ ತನ್ನ ರಕ್ತದಲ್ಲಿ ಈ ವೈರಾಣು ಇದೆಯೆಂದು ಗೊತ್ತಾಗುವುದು ಎಷ್ಟೋ ವೇಳೆ ಅಲ್ಲಿಯೇ, 'ಅನ್‌ಫಿಟ್' ಎಂಬ ಒಂದು ಶಬ್ದದಿಂದ. ವೀಸಾ ಹೋಯಿತೆಂದು ಮನೆಯವರು ಅಳುತ್ತಾರೆ, ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ಹುಡುಗನನ್ನು ವೈದ್ಯರ ಬಳಿ ಕರೆದೊಯ್ಯುವುದು ಮರೆತೇಹೋಗುತ್ತದೆ. ಊಟ, ಹಸ್ತಲಾಘವ, ಒಟ್ಟಿಗೆ ಕೂತು ನಮಾಜು ಮಾಡುವುದರಿಂದ ಇದು ಹರಡುವುದಿಲ್ಲ. ಸಂಗಾತಿಗೆ ಲಸಿಕೆ ಹಾಕಿಸಿದರೆ ಮದುವೆಗೂ ಅಡ್ಡಿಯಿಲ್ಲ.

ಲಸಿಕೆಯ ಇತಿಹಾಸವೂ ದೂರದ್ದಲ್ಲ. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ತೈವಾನ್ 1984ರಲ್ಲಿ ಶಿಶುಗಳಿಗೆ ಹಾಕಲಾರಂಭಿಸಿತು. ಹದಿಮೂರು ವರ್ಷಗಳ ನಂತರದ ವರದಿಯಲ್ಲಿ ಅಲ್ಲಿನ ಮಕ್ಕಳ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸ್ವದೇಶಿ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. ಭಾರತದಲ್ಲಿ 2011ರಿಂದ ದೇಶದಾದ್ಯಂತ ಎಲ್ಲ ಶಿಶುಗಳಿಗೆ ಇದು ಉಚಿತ. ಅದಕ್ಕೂ ಬಹಳ ಮೊದಲು ಹುಟ್ಟಿದ, ಇಂದು ತಂದೆ ತಾಯಿಯಾಗುವ ವಯಸ್ಸಿನ ಹೆಚ್ಚಿನವರಿಗೆ ಶೈಶವದಲ್ಲಿ ಲಸಿಕೆ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್ ಬಿ ಉಳ್ಳವರು.

ಒಂದು ಕಾಲಕ್ಕೆ ನಮ್ಮ ಭಾಗದ ರೋಗಿ ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜದ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದ. ಕ್ಯಾನ್ಸರ್ ಎಂದರೆ ಹುಬ್ಬಳ್ಳಿ, ಇಲ್ಲವೇ ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ತಡವಾಗಿರುತ್ತಿತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಗರ್ಭಿಣಿಯರ ಪರೀಕ್ಷೆ, ಶಿಶುವಿಗೆ 24 ಗಂಟೆಯೊಳಗೆ ಮೊದಲ ಡೋಸು ಅದರಲ್ಲಿ ಸೇರಿವೆ.

ಎಎಫ್‌ಪಿಗೂ ಇಲ್ಲಿ ತನ್ನದೇ ಸ್ಥಾನವಿದೆ. ಶಾಂಘೈಯಲ್ಲಿ ಹೆಪಟೈಟಿಸ್ ಬಿ ಸೋಂಕು ಅಥವಾ ದೀರ್ಘಕಾಲದ ಹೆಪಟೈಟಿಸ್ ಇದ್ದ 18,816 ಜನರ ಅಧ್ಯಯನ ನಡೆಯಿತು. ಆರು ತಿಂಗಳಿಗೊಮ್ಮೆ ಎಎಫ್‌ಪಿ ಮತ್ತು ಸ್ಕ್ಯಾನಿಂಗ್‌ಗೆ ಕರೆದವರ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನ ಸಾವು ನೂರಕ್ಕೆ 37ರಷ್ಟು ಕಡಿಮೆಯಾಯಿತು ಎಂದು 2004ರಲ್ಲಿ ಪ್ರಕಟವಾಯಿತು. ಕರೆದವರಲ್ಲಿ ಎಲ್ಲರೂ ತಪ್ಪದೆ ಬಂದಿರಲಿಲ್ಲ, ಆದರೂ ಇಷ್ಟು ಫಲ.