ಏಳರಿಂದ ಹನ್ನೆರಡಕ್ಕೆ

ತಲೆಬುರುಡೆಯಿಂದ ಹೊರಡುವ ನರಗಳನ್ನು ಎಣಿಸಿ ಮುಗಿಸಲು ವೈದ್ಯರಿಗೆ ಹದಿನಾರು ಶತಮಾನ ಬೇಕಾಯಿತು. ಎರಡನೇ ಶತಮಾನದಲ್ಲಿ ಪ್ರಾಣಿಗಳನ್ನು ಕೊಯ್ದು ನೋಡಿದ ಗ್ಯಾಲನ್ ಏಳು ಜೋಡಿ ಎಂದ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಒಂಬತ್ತು ಎಂದ. ಮುಖದ ನರವನ್ನೂ ಕಿವಿಯ ನರವನ್ನೂ ಆತ ಒಂದೇ ಜೋಡಿಯಾಗಿ ಹಿಡಿದಿದ್ದ. 1778ರಲ್ಲಿ ಜರ್ಮನಿಯ ಸೊಮ್ಮರಿಂಗ್ ಅಂಥವನ್ನು ಬಿಡಿಸಿ ಹನ್ನೆರಡು ಮಾಡಿದ.

ಇದು ಬರೀ ಲೆಕ್ಕವಲ್ಲ. ಇವುಗಳಲ್ಲಿ ಹೆಚ್ಚಿನವು ಮೆದುಳಿನ ಕಾಂಡಕ್ಕೆ ಸೇರಿವೆ. ಉಸಿರಾಟದ ಕೇಂದ್ರವೂ ಅಲ್ಲೇ ಇದೆ. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆ ಆ ಕಾಂಡದ ಸಾವನ್ನು ಸಾವೆಂದೇ ಒಪ್ಪಿತು. ಐಸಿಯುನಲ್ಲಿ ವೈದ್ಯರು ಕಣ್ಣಿಗೆ ಬೆಳಕು ಬಿಡುವುದು, ಗಂಟಲು ಮುಟ್ಟುವುದು, ವೆಂಟಿಲೇಟರ್ ಬಿಡಿಸಿ ಉಸಿರಿಗೆ ಕಾಯುವುದು ಇದಕ್ಕೇ. ಆರು ಗಂಟೆಯ ನಂತರ ಮತ್ತೊಮ್ಮೆ ನೋಡುತ್ತಾರೆ. ಆಗಲೂ ಯಾವ ನರವೂ ಉತ್ತರಿಸದಿದ್ದರೆ, ಎದೆ ಬಡಿಯುತ್ತಿದ್ದರೂ ಮನೆಯವರಿಗೆ ಆ ಮಾತು ಹೇಳಲೇಬೇಕು.