ಗಾಲಿಯ ಮೇಲಿನ ಕಲೆ, ಕಂಬಾರನ ಕಣ್ಣು

ಕಾರ್ಬನ್ ಸೈಕಲ್ಲಿನ ಗಾಲಿಯಲ್ಲಿ ಬ್ರೇಕ್ ಪ್ಯಾಡು ಒತ್ತುವ ಪಟ್ಟಿಯ ಮೇಲೆ ಕಂದು ಕಲೆಯೊಂದು ಕಾಣಿಸಿಕೊಂಡಾಗ ಸವಾರನ ತಲೆಯಲ್ಲಿ ಏಳುವ ಪ್ರಶ್ನೆ ಒಂದೇ: ಇದು ಒರೆಸಿದರೆ ಹೋಗುವ ಕೊಳೆಯೋ, ಒಳಗೆ ಸುಟ್ಟ ಗುರುತೋ? ಕಾರ್ಬನ್ ನಿನ್ನೆ ಮೊನ್ನೆಯದು, ಈ ಪ್ರಶ್ನೆ ಮಾತ್ರ ಬಹಳ ಹಳೆಯದು. ಘಟಪ್ರಭೆಯ ಆಚೀಚೆಯ ಗೋಕಾಕ, ಹುಕ್ಕೇರಿ, ಈಚೆಗೆ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೂಡಲಗಿ, ಇವೆಲ್ಲ ಚಕ್ಕಡಿಯ ಸೀಮೆ. ಸುಟ್ಟ ಕಲೆ ನೋಡಿ ಗಾಲಿಯ ಆಯುಷ್ಯ ಹೇಳುವ ಕಸಬು ಇಲ್ಲಿನ ಊರೂರಿನಲ್ಲೂ ಇತ್ತು. ಆ ಕಸಬಿನ ಚರಿತ್ರೆಯಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಕಲೆ ತಾನಾಗಿ ಏನನ್ನೂ ಹೇಳುವುದಿಲ್ಲ. ಗಾಲಿ ನಡೆದುಬಂದ ದಾರಿ ಗೊತ್ತಿದ್ದವನಿಗೆ ಮಾತ್ರ ಅದು ಸಾಕ್ಷಿಯಾಗುತ್ತದೆ.

ಚಕ್ಕಡಿಯ ಗಾಲಿ ಇಬ್ಬರ ಕೈಕೆಲಸ. ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಗುಂಬ, ಅರ, ಸುತ್ತಂಚು ಕಡೆದು ಕೂಡಿಸುವವನು ಬಡಿಗ. ಅದರ ಮೇಲೆ ಕಬ್ಬಿಣದ ಹಳಿ ಕಟ್ಟುವವನು ಕಂಬಾರ. ಎರಡೂ ಹೆಸರು ಇಂದಿಗೂ ಈ ಭಾಗದ ಮನೆತನಗಳ ಅಡ್ಡಹೆಸರಾಗಿ ಉಳಿದಿವೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಕವಿ ಚಂದ್ರಶೇಖರ ಕಂಬಾರರ ಹೆಸರಿನಲ್ಲೇ ಆ ಕುಲುಮೆಯ ಕಾವು ಇದೆ. ಹಳಿಯನ್ನು ಮರದ ಸುತ್ತಳತೆಗಿಂತ ತುಸು ಕಿರಿದಾಗಿ ಬಾಗಿಸಿ, ನೆಲದ ಮೇಲೆ ಕುಳ್ಳು ಪೇರಿಸಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುವುದು ಅವನ ವಿಧಾನ. ಲೆಕ್ಕ ಹಾಕಿ ನೋಡಿದರೆ ಅದರ ಸೂಕ್ಷ್ಮ ತಿಳಿಯುತ್ತದೆ. ಒಂದೂಕಾಲು ಮೀಟರ್ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 3.9 ಮೀಟರ್. ಅಷ್ಟು ಉದ್ದದ ಕಬ್ಬಿಣ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಹಿಗ್ಗುವುದು ಸುಮಾರು 23 ಮಿಲಿಮೀಟರ್, ಅಂದರೆ ಒಂದು ಇಂಚಿಗೂ ಕಡಿಮೆ. ಆ ಒಂದು ಬೆರಳಗಲದ ಹಿಗ್ಗು-ಕುಗ್ಗಿನಲ್ಲೇ ಇಡೀ ಗಾಲಿ ಬಿಗಿಯಬೇಕು. ಉಷ್ಣಮಾಪಕ ಇಲ್ಲದ ಕಂಬಾರ ಕಾವನ್ನು ಅಳೆದದ್ದು ಬಣ್ಣದಿಂದ: ಮಬ್ಬುಗೆಂಪು, ಕಡುಗೆಂಪು, ಕಿತ್ತಳೆ. ಕೊಡಲಿ, ಉಳಿಗಳಿಗೆ ಹದ ಕೊಡುವಾಗಲಂತೂ ಅವನ ಕಣ್ಣು ಇನ್ನೂ ಚುರುಕಾಗಿರಬೇಕಿತ್ತು. ಉಜ್ಜಿ ಬೆಳಗಿಸಿದ ಉಕ್ಕು 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿಗೆ, 260ರ ಹೊತ್ತಿಗೆ ಕಂದಿಗೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ಒಂದು ಬಣ್ಣ ಮುಂದೆ ಹೋದರೆ ಹದ ಹೋಯಿತು.

ಹಳಿ ತೊಡಿಸಿದಾಗ ಮರ ಸುಡದೆ ಇರುವುದಿಲ್ಲ. ಕಬ್ಬಿಣ ತಗುಲಿದ ಕಡೆ ಕರಿ ಗೆರೆ ಬೀಳುತ್ತದೆ. ಕಾಗದದಷ್ಟು ತೆಳ್ಳಗೆ ಕರಕಾದರೆ ಬಾಧೆಯಿಲ್ಲ, ಹಳಿ ಸರಿಯಾಗಿ ಕೂತಿದ್ದಕ್ಕೆ ಅದೇ ಗುರುತು. ನೀರು ಹಾಕುವುದು ತಡವಾಗಿ ಕರಕು ಆಳಕ್ಕೆ ಇಳಿದರೆ ಮಾತ್ರ, ಕೆಲವು ತಿಂಗಳಲ್ಲಿ ಆ ಇದ್ದಿಲು ಪುಡಿಯಾಗಿ ಉದುರಿ ಹಳಿ ಸಡಿಲಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕರಿ ಗೆರೆ. ವ್ಯತ್ಯಾಸ ಹೇಳಲು ಕಣ್ಣಿನ ಜೊತೆಗೆ ಉಗುರು ಬೇಕು, ಸುತ್ತಿಗೆಯ ಸದ್ದು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೆನಪು ಬೇಕು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೂ ಹಳಿ ಸಡಿಲಾಗುತ್ತದೆ, ಅದಕ್ಕೆ ಗಾಲಿಯನ್ನು ನೀರಿನಲ್ಲಿ ನೆನೆಹಾಕಿದರೆ ಸಾಕು. ಸುಟ್ಟು ಸಡಿಲಾಗಿದ್ದರೆ ನೀರು ಏನೂ ಮಾಡದು. ಈ ಎರಡನ್ನು ಬೇರ್ಪಡಿಸಿ ಹೇಳಬಲ್ಲವನು ಆ ಗಾಲಿಗೆ ಹಳಿ ಕಟ್ಟಿದವನೇ. ಬಡಿಗ, ಕಂಬಾರರು ಊರಿನ ಆಯಗಾರರು. ಕೆಲಸಕ್ಕೆ ಕೂಲಿ ಆಗಿಂದಾಗ್ಗೆ ಸಿಗುತ್ತಿರಲಿಲ್ಲ, ಸುಗ್ಗಿಯಲ್ಲಿ ಕಾಳು ಬರುತ್ತಿತ್ತು. ಹೀಗಾಗಿ ತಾನು ಕಟ್ಟಿದ ಗಾಲಿ ವರ್ಷವಿಡೀ ಅವನ ಕಣ್ಣೆದುರೇ ಓಡಾಡುತ್ತಿತ್ತು. ಕೆಟ್ಟರೆ ಅವನ ಕುಲುಮೆಗೇ ಬರುತ್ತಿತ್ತು.

ಆಯದ ಪದ್ಧತಿಯನ್ನು ಹೊಗಳುವುದು ತಪ್ಪು ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪುತ್ತೇನೆ. ಅದು ಜಾತಿಗೆ ಕಟ್ಟಿದ ದುಡಿಮೆ. ಕಾಳು ಅಳೆಯುವ ಕೈ ಹೊಲದವನದು, ಬೆವರು ಕಂಬಾರನದು. ಬರ ಬಿದ್ದ ವರ್ಷ ಮೊದಲು ಬರಿದಾಗುತ್ತಿದ್ದ ಮನೆಯೂ ಅವನದೇ. ಆ ವ್ಯವಸ್ಥೆ ಹೋದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಹೋದ ಒಂದು ಸಂಗತಿಯನ್ನು ಬೇರೆಯಾಗಿ ತೂಗಬೇಕು: ವಸ್ತುವನ್ನು ಮಾಡಿದವನೇ ಅದರ ವೈದ್ಯನೂ ಆಗಿದ್ದ. ಘಟಪ್ರಭೆಯ ಕಾಲುವೆ ನೀರು ಹರಿದು ಕಬ್ಬು ಬಂತು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು, ಕಬ್ಬಿನ ಭಾರಕ್ಕೆ ಟಾಯರಿನ ಗಾಡಿ, ಆಮೇಲೆ ಟ್ರ್ಯಾಕ್ಟರು ಒಗ್ಗಿದವು. ಕಾರ್ಖಾನೆಯಿಂದ ಬಂದ ಗಾಲಿಗೆ ಊರಿನಲ್ಲಿ ಹೆತ್ತವರಿಲ್ಲ.

ನಡುವೆ ಬಂದ ಉಕ್ಕಿನ ಸೈಕಲ್ಲು ನಮ್ಮ ಕಣ್ಣಿಗೆ ಬೇರೆಯೇ ಪಾಠ ಕಲಿಸಿತು. ಅಟ್ಲಾಸ್, ಹೀರೋ ಸೈಕಲ್ಲುಗಳ ಸರಳಿನ ಬ್ರೇಕು ರಿಮ್ಮಿನ ಒಳಮೈಗೆ ಒತ್ತುತ್ತಿತ್ತು. ಅಲ್ಲಿ ಕ್ರೋಮ್ ಲೇಪ ಸವೆದು ಕಂದು ಬಣ್ಣ ಬಂದರೆ ಅದು ತುಕ್ಕು, ಮರಳು ಕಾಗದದಿಂದ ಉಜ್ಜಿದರೆ ಮುಗಿಯಿತು. ಎರಡು ತಲೆಮಾರು ಹೀಗೆ ಕಂದು ಎಂದರೆ ತುಕ್ಕು ಎಂದೇ ಓದಿಕೊಂಡಿತು. ಅದೇ ಅಭ್ಯಾಸವನ್ನು ಕಾರ್ಬನ್ನಿಗೆ ತಂದರೆ ಅಪಾಯ. ಕಾರ್ಬನ್ ತುಕ್ಕು ಹಿಡಿಯುವುದಿಲ್ಲ, ಮರಳು ಕಾಗದವಂತೂ ಅದರ ಎಳೆಗಳನ್ನೇ ಕಡಿಯುತ್ತದೆ.

ಕಾರ್ಬನ್ ರಿಮ್ಮು ಎಂದರೆ ಎಪಾಕ್ಸಿ ಅಂಟಿನಲ್ಲಿ ಹುದುಗಿದ ಎಳೆಗಳು. ಎಳೆ ಕಾವಿಗೆ ಜಗ್ಗುವುದಿಲ್ಲ, ಜಗ್ಗುವುದು ಅಂಟು. ಒಂದು ಮಿತಿ ದಾಟಿದರೆ ಅದು ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಕಾವನ್ನು ಇಡೀ ಗಾಲಿಗೆ ಹಂಚಿಬಿಡುತ್ತದೆ. ಕಾರ್ಬನ್ನಿನಲ್ಲಿ ಅದು ಹುಟ್ಟಿದ ಜಾಗದಲ್ಲೇ ನಿಲ್ಲುತ್ತದೆ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಸವಾರ, ಸೈಕಲ್ಲು ಸೇರಿ 80 ಕಿಲೋ ತೂಕ ಅಷ್ಟು ಎತ್ತರವನ್ನು ಬ್ರೇಕು ಹಿಡಿದೇ ಇಳಿದರೆ ಸುಮಾರು 40 ಕಿಲೋಜೂಲ್ ಶಾಖ ಹುಟ್ಟುತ್ತದೆ, ಒಂದು ಸಣ್ಣ ಕಪ್ಪು ನೀರನ್ನು ಕುದಿಗೆ ತರುವಷ್ಟು. ಅದೆಲ್ಲ ಬೆರಳಗಲದ ಪಟ್ಟಿಯ ಮೇಲೆ. ಇನ್ನು ಇಲ್ಲಿನ ಬೆಟ್ಟಗಳು ಮರಳುಗಲ್ಲಿನವು. ಆ ಗಟ್ಟಿ ಹರಳು ಪ್ಯಾಡಿನಲ್ಲಿ ಸಿಕ್ಕಿಕೊಂಡರೆ ಪಟ್ಟಿಯ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಪ್ಯಾಡಿನ ಪುಡಿ ಮೆತ್ತುತ್ತದೆ. ಆದ್ದರಿಂದ ಮೊದಲು ಮೆತ್ತನೆಯ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬೇಕು. ಬಣ್ಣ ಬಟ್ಟೆಗೆ ಬಂದರೆ ಅದು ಪ್ಯಾಡಿನದು. ಬಾರದಿದ್ದರೆ ಉಗುರು ಆಡಿಸಿ ಉಬ್ಬು, ಗುಳ್ಳೆ, ಬಿರುಕು ಹುಡುಕಬೇಕು. ನಾಣ್ಯದಿಂದ ಸುತ್ತಲೂ ತಟ್ಟುತ್ತ ಬಂದಾಗ ಟಣ್ ಎನ್ನುವ ಸದ್ದು ಒಂದು ಕಡೆ ಮಂಕಾದರೆ ಪದರ ಬಿಟ್ಟಿದೆಯೆಂದು ಸಂಶಯಪಡಬೇಕು. ಬ್ರೇಕು ಹಿಡಿದಾಗ ಸುತ್ತಿಗೊಮ್ಮೆ ಹಿಡಿಕೆ ಮಿಡಿದರೆ ಆ ಗಾಲಿಯನ್ನು ಅಲ್ಲಿಗೇ ಬಿಡಬೇಕು. ಕಂಬಾರನ ಉಗುರು, ಕಂಬಾರನ ಸುತ್ತಿಗೆಯ ಸದ್ದು ಇಲ್ಲಿ ಹೊಸ ವೇಷದಲ್ಲಿ ಬಂದಿವೆ.

ಕಬ್ಬಿಣ ಬೇರೆ, ಅಂಟು ಬೇರೆ, ಒಂದರ ಅನುಭವ ಇನ್ನೊಂದಕ್ಕೆ ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉಕ್ಕಿನ ನೀಲಿ ತನ್ನ ಡಿಗ್ರಿಯನ್ನು ಸರಿಸುಮಾರಾಗಿಯಾದರೂ ಹೇಳುತ್ತದೆ, ಅಂಟಿನ ಕಂದು ಅಷ್ಟನ್ನೂ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಗಾಲಿಯ ಪೂರ್ವಕಥೆಯ ಬೆಲೆ ಇನ್ನೂ ಹೆಚ್ಚು: ಯಾವ ಪ್ಯಾಡು ಹಾಕಿತ್ತು, ಎಂಥ ಇಳಿಜಾರು ಇಳಿಯಿತು, ಕಲೆ ಮೆಲ್ಲಗೆ ಬಂತೋ ಒಂದೇ ದಿನದಲ್ಲೋ, ಎರಡೂ ಮಗ್ಗುಲಲ್ಲಿ ಇದೆಯೋ ಒಂದರಲ್ಲೋ. ರಿಮ್ಮನ್ನು ಮುಟ್ಟದ ಡಿಸ್ಕ್ ಬ್ರೇಕು ಬಂದ ಮೇಲೆ ಈ ಚರ್ಚೆ ಯಾಕೆ ಎಂದೂ ಕೇಳಬಹುದು. 2018ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ಪಂದ್ಯಗಳಲ್ಲಿ ಡಿಸ್ಕಿಗೆ ಅಧಿಕೃತ ಒಪ್ಪಿಗೆ ಕೊಟ್ಟದ್ದು ನಿಜ. ಉಳ್ಳವರು ಡಿಸ್ಕಿಗೆ ಹೊರಳಿದಂತೆ ಹಳೆಯ ರಿಮ್ ಬ್ರೇಕ್ ಗಾಲಿಗಳು ಅಗ್ಗವಾಗಿ ಕೈಯಿಂದ ಕೈಗೆ ಇಳಿಯುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಸ್ಟರನ್ನು ಕೊಟ್ಟ ಸೀಮೆ. ಅಂಥ ಗಾಲಿ ಇಲ್ಲಿನ ರೈತರ ಮಕ್ಕಳ ಕೈಗೆ ಬಂದರೆ ಅದರ ಹಿಂದಿನ ಕಥೆ ಜೊತೆಗೆ ಬರುವುದಿಲ್ಲ. ಆದ್ದರಿಂದ ಹಳೆಯ ಕಾರ್ಬನ್ ಗಾಲಿ ಕೊಳ್ಳುವವರು ಬೆಲೆ ಕೇಳುವ ಮೊದಲು ಅದು ಎಲ್ಲಿ ಓಡಿತ್ತು, ಯಾವ ಪ್ಯಾಡಿನಲ್ಲಿ ಓಡಿತ್ತು ಎಂದು ಕೇಳಿ. ಉತ್ತರ ಸಿಗದೆ, ಒರೆಸಿದರೂ ಕಂದು ಹೋಗದಿದ್ದರೆ, ಆ ಗಾಲಿಯಲ್ಲಿ ಮಕ್ಕಳನ್ನು ಘಾಟಿಗೆ ಕಳಿಸಬೇಡಿ.